ಬಿಡುಗಡೆಯ ನಂತರದ ಲೆಕ್ಕ: ಬಂದಿಗಳ ಪುನರ್ವಸತಿ ಯೋಜನೆಗಳ ಫಲವನ್ನು ಅಳೆಯುವ ಬಗೆ

ಅಂಗಡಿಯ ಮಾರಾಟ ಹೆಚ್ಚಿತೆಂದು ಗುಮಾಸ್ತನು ಬಂದು ಹೇಳಿದ ಮಾತ್ರಕ್ಕೆ ಅನುಭವಸ್ಥ ವರ್ತಕನು ಹಿಗ್ಗುವುದಿಲ್ಲ. ಯಾವ ತಿಂಗಳಿಗೆ ಹೋಲಿಸಿದರೆ ಹೆಚ್ಚಿತು ಎಂದು ಮೊದಲು ಕೇಳುತ್ತಾನೆ. ಆಷಾಢದ ಮಾರಾಟದ ಪಕ್ಕದಲ್ಲಿಟ್ಟರೆ ಶ್ರಾವಣದ ಮಾರಾಟ ಹೆಚ್ಚಾಗಿಯೇ ಕಾಣುತ್ತದೆ. ಅದರಲ್ಲಿ ಅಂಗಡಿಯವನ ಜಾಣ್ಮೆ ಎಷ್ಟು, ಹಬ್ಬದ ಪಾಲು ಎಷ್ಟು ಎಂಬುದು ತಿಳಿಯಬೇಕಾದರೆ ಅದೇ ಬೀದಿಯ ಇತರ ಅಂಗಡಿಗಳ ಶ್ರಾವಣವನ್ನೂ ನೋಡಬೇಕು. ಈ ವಿವೇಕ ನಮ್ಮ ಉದ್ಯಮಿಗಳಿಗೆ ರಕ್ತಗತವಾಗಿದೆ. ಆದರೆ ಅದೇ ಉದ್ಯಮಿಯು ಸಮಾಜಸೇವೆಯ ಯೋಜನೆಯೊಂದಕ್ಕೆ ಧನಸಹಾಯ ನೀಡುವಾಗ ಈ ಪ್ರಶ್ನೆಯನ್ನು ಕೇಳುವುದು ಅಪರೂಪ.

ಈಗ ಅದನ್ನು ಕೇಳಬೇಕಾದ ಕಾಲ ಬಂದಿದೆ. 2014ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಂಪನಿಗಳ ಕಾಯಿದೆ, 2013ರ 135ನೆಯ ಪ್ರಕರಣದನ್ವಯ ನಿಗದಿತ ಮಿತಿಯನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಯ ಕಾರ್ಯಗಳಿಗೆ ವಿನಿಯೋಗಿಸಬೇಕು. ಹೊಣೆಗಾರಿಕೆಯ ಸರಾಸರಿ ಮೊತ್ತ ರೂ. 10 ಕೋಟಿ ಅಥವಾ ಅದಕ್ಕಿಂತ ಹೆಚ್ಚಿರುವ ಕಂಪನಿಗಳು ರೂ. 1 ಕೋಟಿ ಅಥವಾ ಅದಕ್ಕಿಂತ ಹೆಚ್ಚಿನ ವೆಚ್ಚದ ಯೋಜನೆಗಳ ಪರಿಣಾಮವನ್ನು ಸ್ವತಂತ್ರ ಸಂಸ್ಥೆಯಿಂದ ಅಳೆಯಿಸಬೇಕೆಂದು 2021ರಲ್ಲಿ ತಿದ್ದುಪಡಿಯಾದ ನಿಯಮಗಳು ವಿಧಿಸಿವೆ. ವೃತ್ತಿಕೌಶಲ ತರಬೇತಿಯು ಹೊಣೆಗಾರಿಕೆಯ ಪಟ್ಟಿಯಲ್ಲಿಯೇ ಇರುವುದರಿಂದ, ಕಾರಾಗೃಹಗಳಲ್ಲಿ ಕಸುಬು ಕಲಿಸುವ ಯೋಜನೆಗಳೂ ಬಿಡುಗಡೆಯಾದವರಿಗೆ ನೌಕರಿ ದೊರಕಿಸುವ ಯೋಜನೆಗಳೂ ಉದ್ಯಮಿಗಳ ಮೇಜಿಗೆ ಬರುವುದು ಸಹಜವಾಗಿದೆ. ಇಂತಹ ಯೋಜನೆಯು ಅಪರಾಧದ ಮರುಕಳಿಕೆಯನ್ನು ನಿಜವಾಗಿಯೂ ತಗ್ಗಿಸಿತೆ ಎಂಬುದನ್ನು ಅಳೆಯುವುದು ಹೇಗೆ? ಇದಕ್ಕಾಗಿ ಹಣವನ್ನೇ ಪಣವಾಗಿಟ್ಟ ಎರಡು ದೇಶಗಳ ಅನುಭವವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಒಂದೇ ಜನ, ಮೂರು ಅಂಕಿಗಳು

ಮೊದಲ ತೊಡಕು ಅಳತೆಗೋಲಿನದು. 'ಮತ್ತೆ ಅಪರಾಧ ಮಾಡಿದರು' ಎಂಬುದನ್ನು ಯಾರೂ ನೇರವಾಗಿ ಎಣಿಸಲಾರರು. ಎಣಿಕೆಗೆ ಸಿಗುವುದು ಮತ್ತೆ ಬಂಧನವಾದದ್ದು, ಮತ್ತೆ ಅಪರಾಧ ಸಾಬೀತಾದದ್ದು, ಮತ್ತೆ ಸೆರೆವಾಸ ವಿಧಿಸಲ್ಪಟ್ಟದ್ದು ಮಾತ್ರ. ಅಮೆರಿಕದ ನ್ಯಾಯಾಂಗ ಅಂಕಿಅಂಶ ಇಲಾಖೆಯು 2005ರಲ್ಲಿ 30 ರಾಜ್ಯಗಳ ಕಾರಾಗೃಹಗಳಿಂದ ಬಿಡುಗಡೆಯಾದವರನ್ನು ಐದು ವರ್ಷಗಳ ಕಾಲ ದಾಖಲೆಗಳ ಮೂಲಕ ಹಿಂಬಾಲಿಸಿತು. ಅವರಲ್ಲಿ ಮತ್ತೊಮ್ಮೆ ಬಂಧನಕ್ಕೊಳಗಾದವರು ಶೇ. 76.6; ಹೊಸ ಅಪರಾಧ ಸಾಬೀತಾದವರು ಶೇ. 55.4, ಹೊಸ ಅಪರಾಧಕ್ಕಾಗಿ ಮರಳಿ ರಾಜ್ಯದ ಕಾರಾಗೃಹ ಶಿಕ್ಷೆಗೆ ಗುರಿಯಾದವರು ಶೇ. 28.2. ಜನರು ಅವರೇ, ಅವಧಿಯೂ ಅದೇ. ಆದರೂ 'ಮುಕ್ಕಾಲು ಪಾಲು ಜನ ಕೆಟ್ಟರು' ಎಂದೂ ಹೇಳಬಹುದು, 'ಹೆಚ್ಚುಕಡಿಮೆ ಮುಕ್ಕಾಲು ಪಾಲು ಜನ ಕಾರಾಗೃಹಕ್ಕೆ ಮರಳಲಿಲ್ಲ' ಎಂದೂ ಹೇಳಬಹುದು.

ಆದುದರಿಂದ 'ನಮ್ಮಲ್ಲಿ ತರಬೇತಿ ಪಡೆದವರಲ್ಲಿ ಶೇ. 90 ಜನ ಮತ್ತೆ ಅಪರಾಧ ಮಾಡಿಲ್ಲ' ಎಂಬ ಹೇಳಿಕೆಯನ್ನು ಕಂಡಾಗ ಎರಡು ಸಂಗತಿಗಳನ್ನು ವಿಚಾರಿಸಬೇಕು. ಎಣಿಸಿದ್ದು ಬಂಧನವನ್ನೋ, ಶಿಕ್ಷೆಯನ್ನೋ? ಎಷ್ಟು ಕಾಲದವರೆಗೆ? ಬಿಡುಗಡೆಯಾದ ಆರು ತಿಂಗಳಿಗೆ ಲೆಕ್ಕ ಮುಗಿಸಿದರೆ ಯಾವ ಯೋಜನೆಯೂ ಯಶಸ್ವಿಯಾಗಿಯೇ ತೋರುತ್ತದೆ. ನ್ಯಾಯಾಲಯದ ತೀರ್ಪು ಬರಲು ವರ್ಷಗಳೇ ಹಿಡಿಯುವ ದೇಶದಲ್ಲಂತೂ ಹೀಗಾಗುವುದು ಇನ್ನೂ ಸುಲಭ.

ಉತ್ತೀರ್ಣರನ್ನಷ್ಟೇ ಎಣಿಸಿದರೆ

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್ ನಗರದ ಸಮೀಪದ ಕಾರಾಗೃಹವೊಂದರಲ್ಲಿ 1997ರಲ್ಲಿ 'ಇನ್ನರ್‌ಚೇಂಜ್' ಎಂಬ, ಧಾರ್ಮಿಕ ಬೋಧನೆಯನ್ನು ಆಧಾರವಾಗಿಟ್ಟುಕೊಂಡ ಪುನರ್ವಸತಿ ಯೋಜನೆ ಆರಂಭವಾಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯವು 2003ರಲ್ಲಿ ಇದರ ಮೌಲ್ಯಮಾಪನವನ್ನು ಪ್ರಕಟಿಸಿತು. ಯೋಜನೆಯನ್ನು ಪೂರ್ಣಗೊಳಿಸಿದವರಲ್ಲಿ ಎರಡು ವರ್ಷಗಳೊಳಗೆ ಮರಳಿ ಸೆರೆಮನೆ ಸೇರಿದವರು ಶೇ. 8 ಮಾತ್ರ; ಯೋಜನೆಗೆ ಸೇರದಿದ್ದ, ಅದೇ ಬಗೆಯ ಇತರ ಬಂದಿಗಳಲ್ಲಿ ಅಂತಹವರು ಶೇ. 20.3. ಈ ಎರಡು ಅಂಕಿಗಳನ್ನು ಕಂಡವರು ಯೋಜನೆಯನ್ನು ಮೆಚ್ಚದೆ ಇರಲಾರರು.

ಆದರೆ ಅದೇ ವರದಿಯಲ್ಲಿ ಮೂರನೆಯ ಅಂಕಿಯೊಂದಿತ್ತು. ಯೋಜನೆಗೆ ಸೇರಿದವರು ಒಟ್ಟು 177 ಜನ. ಪೂರ್ಣಗೊಳಿಸಿದವರು 75 ಜನ. ಸೇರಿದ ಅಷ್ಟೂ 177 ಜನರನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಮರಳಿ ಸೆರೆಮನೆಗೆ ಹೋದವರು ಶೇ. 24.3. ಅಂದರೆ ಹೋಲಿಕೆಯ ಗುಂಪಿಗಿಂತ ತುಸು ಹೆಚ್ಚೇ. ಹೀಗಾದದ್ದೇಕೆ? 'ಉತ್ತೀರ್ಣ'ನೆನಿಸಿಕೊಳ್ಳಲು ಬಂದಿಯು ಕಾರಾಗೃಹದೊಳಗಿನ ಹಂತವನ್ನು ಮುಗಿಸಿದರೆ ಸಾಲದು. ಬಿಡುಗಡೆಯ ನಂತರ ಆರು ತಿಂಗಳು ಯೋಜನೆಯ ಸಂಪರ್ಕದಲ್ಲಿದ್ದು, ಮೂರು ತಿಂಗಳು ಒಂದು ಕೆಲಸವನ್ನು ಉಳಿಸಿಕೊಂಡಿರಬೇಕಿತ್ತು. ಹೊರಗೆ ಬಂದು ನೆಟ್ಟಗೆ ನಿಂತವರನ್ನಷ್ಟೇ ಆರಿಸಿ, ಅವರು ನೆಟ್ಟಗೆ ನಿಂತಿದ್ದಾರೆಂದು ಹೇಳಿದಂತಾಯಿತು. ಉಳಿದ 102 ಜನರ ವೈಫಲ್ಯ ಲೆಕ್ಕದ ಪುಸ್ತಕದಿಂದಲೇ ಹೊರಗುಳಿಯಿತು. ವಸೂಲಾದ ಸಾಲಗಳನ್ನಷ್ಟೇ ತೋರಿಸಿ, ವಸೂಲಾಗದ ಸಾಲಗಳನ್ನು ಬರೆಯದೆ ಬಿಟ್ಟ ಬ್ಯಾಂಕಿನ ಲೆಕ್ಕವನ್ನು ನಾವು ಯಾರೂ ಒಪ್ಪುವುದಿಲ್ಲವಷ್ಟೆ.

ಇದು ಧಾರ್ಮಿಕ ಯೋಜನೆಗಳಿಗೆ ಮಾತ್ರ ಅಂಟಿದ ದೋಷವಲ್ಲ. ತರಬೇತಿಗೆ ತಾವಾಗಿ ಹೆಸರು ಕೊಡುವವರು ಮೊದಲೇ ಬದಲಾಗಲು ಮನಸ್ಸು ಮಾಡಿದವರಾಗಿರುತ್ತಾರೆ. ಕಾರಾಗೃಹದ ಅಧಿಕಾರಿಗಳೂ ಶಾಂತಸ್ವಭಾವದವರನ್ನೇ ಆರಿಸಿ ಕಳುಹಿಸುತ್ತಾರೆ. ಮೇಲಾಗಿ ವಯಸ್ಸು ಮೀರಿದಂತೆ ಅಪರಾಧ ಪ್ರವೃತ್ತಿ ತಾನಾಗಿಯೇ ಇಳಿಯುತ್ತದೆಂಬುದು ಅಪರಾಧಶಾಸ್ತ್ರದಲ್ಲಿ ಬಹುಕಾಲದಿಂದ ಸ್ಥಿರಪಟ್ಟ ಸಂಗತಿ. ಇವೆಲ್ಲದರ ಫಲವೂ ಯೋಜನೆಯ ಖಾತೆಗೆ ಜಮೆಯಾಗಿಬಿಡುತ್ತದೆ.

ಸದುದ್ದೇಶದಿಂದಲೂ ಹಾನಿಯಾಗಬಹುದು

'ಉಪಕಾರವಾಗದಿದ್ದರೂ ಅಪಕಾರವಂತೂ ಆಗುವುದಿಲ್ಲವಲ್ಲ' ಎಂಬುದು ದಾನಿಗಳು ಸಾಮಾನ್ಯವಾಗಿ ತಂದುಕೊಳ್ಳುವ ಸಮಾಧಾನ. ಈ ಕ್ಷೇತ್ರದ ಇತಿಹಾಸ ಅದನ್ನು ಸಮರ್ಥಿಸುವುದಿಲ್ಲ. 1970ರ ದಶಕದಲ್ಲಿ ನ್ಯೂಜೆರ್ಸಿಯ ರಾಹ್ವೆ ಕಾರಾಗೃಹಕ್ಕೆ ದಾರಿ ತಪ್ಪುತ್ತಿದ್ದ ಹುಡುಗರನ್ನು ಕರೆದೊಯ್ದು, ಜೀವಾವಧಿ ಬಂದಿಗಳಿಂದ ಸೆರೆಮನೆಯ ಘೋರವನ್ನು ಕೇಳಿಸಿ ಬೆದರಿಸುವ ಪದ್ಧತಿ ಬಳಕೆಗೆ ಬಂದಿತು. 1978ರಲ್ಲಿ ಇದನ್ನು ಕುರಿತು 'ಸ್ಕೇರ್ಡ್ ಸ್ಟ್ರೇಟ್' ಎಂಬ ಸಾಕ್ಷ್ಯಚಿತ್ರ ಬಂದು ಆಸ್ಕರ್ ಪ್ರಶಸ್ತಿಯನ್ನೂ ಗಳಿಸಿತು. ಪದ್ಧತಿ ಅನೇಕ ಕಡೆಗಳಿಗೆ ಹರಡಿತು. ವೆಚ್ಚ ಕಡಿಮೆ, ನೋಟ ಪರಿಣಾಮಕಾರಿ. ಆದರೆ ಇಂತಹ ಕಾರ್ಯಕ್ರಮಗಳ ಮೇಲೆ 1967ರಿಂದ 1992ರವರೆಗೆ ನಡೆದ ಒಂಬತ್ತು ಪ್ರಯೋಗಗಳನ್ನು ಆಂಥೊನಿ ಪೆಟ್ರೊಸಿನೊ ಮತ್ತು ಸಂಗಡಿಗರು ಒಟ್ಟುಗೂಡಿಸಿ ನೋಡಿದಾಗ, ಭೇಟಿಗೆ ಹೋದ ಹುಡುಗರು ಹೋಗದವರಿಗಿಂತ ಹೆಚ್ಚು ಅಪರಾಧ ಮಾಡಿದ್ದರು. ಸುಮ್ಮನಿದ್ದಿದ್ದರೇ ಮೇಲಾಗುತ್ತಿತ್ತು.

ಇದಕ್ಕೂ ಹಳೆಯದು ಮೆಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್-ಸೋಮರ್‌ವಿಲ್ ಪ್ರಯೋಗ. 506 ಬಾಲಕರನ್ನು ಜೋಡಿಜೋಡಿಯಾಗಿ ಹೊಂದಿಸಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ 1939ರಿಂದ ಕೆಲವು ವರ್ಷಗಳ ಕಾಲ ಮಾರ್ಗದರ್ಶನ, ಪಾಠ, ವೈದ್ಯಕೀಯ ನೆರವು, ಬೇಸಿಗೆ ಶಿಬಿರಗಳನ್ನು ಒದಗಿಸಲಾಯಿತು. ಮೂವತ್ತು ವರ್ಷಗಳ ಅನಂತರ ಜೋನ್ ಮೆಕಾರ್ಡ್ ಅವರು ಅವರೆಲ್ಲರನ್ನೂ ಹುಡುಕಿ, 1978ರಲ್ಲಿ ಫಲಿತಾಂಶ ಪ್ರಕಟಿಸಿದರು. ನೆರವು ಪಡೆದವರಲ್ಲಿ ಹೆಚ್ಚಿನವರು ಅದರಿಂದ ತಮಗೆ ಒಳಿತಾಯಿತೆಂದೇ ಹೇಳಿದ್ದರು. ದಾಖಲೆಗಳು ಬೇರೆಯೇ ಹೇಳಿದವು: ಅಪರಾಧದಲ್ಲಿ ಅವರು ಜೊತೆಗಾರರಿಗಿಂತ ಉತ್ತಮರಾಗಿರಲಿಲ್ಲ, ಕೆಲವು ವಿಷಯಗಳಲ್ಲಿ ಅವರ ಸ್ಥಿತಿ ಇನ್ನೂ ಕೆಟ್ಟಿತ್ತು. ಫಲಾನುಭವಿಗಳ ಕೃತಜ್ಞತೆಯ ಮಾತುಗಳು ಪ್ರಾಮಾಣಿಕವೇ ಆಗಿದ್ದರೂ ಪುರಾವೆಯಾಗಲಾರವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ದೊರೆಯುವುದು ಕಷ್ಟ.

ಪೀಟರ್‌ಬರೋ: ಫಲಿತಾಂಶಕ್ಕೆ ಹಣ

ಇಷ್ಟೆಲ್ಲ ತೊಡಕುಗಳಿರುವಾಗ ಬಂಡವಾಳಗಾರರು ಒಪ್ಪುವಂತಹ ಲೆಕ್ಕವನ್ನು ಸಿದ್ಧಪಡಿಸುವುದು ಸಾಧ್ಯವೆ? 2010ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಪೀಟರ್‌ಬರೋ ಕಾರಾಗೃಹದಲ್ಲಿ ಜಗತ್ತಿನ ಮೊದಲ ಸಾಮಾಜಿಕ ಫಲಿತಾಂಶ ಬಾಂಡ್ ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲು ಯತ್ನಿಸಿತು. ಒಂದು ವರ್ಷಕ್ಕಿಂತ ಕಡಿಮೆ ಅವಧಿಯ ಶಿಕ್ಷೆ ಅನುಭವಿಸಿದ ಪುರುಷರಿಗೆ ಬಿಡುಗಡೆಯ ನಂತರ ಆಗ ಯಾವ ಕಡ್ಡಾಯ ಮೇಲ್ವಿಚಾರಣೆಯೂ ಇರಲಿಲ್ಲ. ಅವರಲ್ಲಿ ಸುಮಾರು ಶೇ. 60 ಜನ ವರ್ಷದೊಳಗೆ ಮತ್ತೆ ಅಪರಾಧಿಗಳಾಗುತ್ತಿದ್ದರು. 'ಸೋಷಿಯಲ್ ಫೈನಾನ್ಸ್' ಸಂಸ್ಥೆಯು 17 ಹೂಡಿಕೆದಾರರಿಂದ 50 ಲಕ್ಷ ಪೌಂಡ್ ಸಂಗ್ರಹಿಸಿ, ಸೇವಾಸಂಸ್ಥೆಗಳ ಮೂಲಕ ಈ ಪುರುಷರಿಗೆ ವಸತಿ, ಉದ್ಯೋಗ, ವ್ಯಸನಮುಕ್ತಿ ಮತ್ತು ಕೌಟುಂಬಿಕ ವಿಷಯಗಳಲ್ಲಿ ನೆರವು ಕೊಡಿಸಿತು. ಅಪರಾಧ ನಿಗದಿತ ಪ್ರಮಾಣದಲ್ಲಿ ತಗ್ಗಿದರೆ ಮಾತ್ರ ಸರ್ಕಾರ ಮತ್ತು ಲಾಟರಿ ನಿಧಿ ಹೂಡಿಕೆದಾರರಿಗೆ ಹಣ ಹಿಂತಿರುಗಿಸಬೇಕು. ತಗ್ಗದಿದ್ದರೆ ಬಂಡವಾಳವೇ ನಷ್ಟ.

ಒಪ್ಪಂದದ ಷರತ್ತುಗಳು ಉದ್ಯಮಿಗಳ ಗಮನಕ್ಕೆ ಅರ್ಹವಾಗಿವೆ. ಮೊದಲನೆಯದಾಗಿ, ಸೇವೆಯನ್ನು ಬಳಸಿಕೊಂಡವರನ್ನಷ್ಟೇ ಅಲ್ಲ, ಸುಮಾರು 1,000 ಜನರ ತಂಡದಲ್ಲಿ ಬಿಡುಗಡೆಯಾದ ಪ್ರತಿಯೊಬ್ಬರನ್ನೂ ಎಣಿಸಬೇಕಾಗಿತ್ತು. ಟೆಕ್ಸಾಸ್‌ನ ತಪ್ಪಿಗೆ ಇಲ್ಲಿ ಎಡೆಯೇ ಇರಲಿಲ್ಲ. ಎರಡನೆಯದಾಗಿ, ಪೊಲೀಸ್ ದಾಖಲೆಗಳಿಂದ ಒಬ್ಬೊಬ್ಬ ಬಂದಿಗೂ ವಯಸ್ಸು, ಹಿಂದಿನ ಅಪರಾಧಗಳು ಮುಂತಾದವುಗಳಲ್ಲಿ ಹೋಲುವ, ಬೇರೆ ಕಾರಾಗೃಹಗಳಿಂದ ಬಿಡುಗಡೆಯಾದ ಹತ್ತು ಜನರವರೆಗೆ ಆರಿಸಿ ಹೋಲಿಕೆಯ ಗುಂಪನ್ನು ರಚಿಸಲಾಯಿತು. ಇದನ್ನು ಮಾಡಿದವರು ಸ್ವತಂತ್ರ ಪರಿಶೋಧಕರು. ಮೂರನೆಯದಾಗಿ, 'ಎಷ್ಟು ಜನ ಕೆಟ್ಟರು' ಎಂದು ಎಣಿಸದೆ, ಒಂದು ವರ್ಷದಲ್ಲಿ 'ಒಟ್ಟು ಎಷ್ಟು ಬಾರಿ ಅಪರಾಧ ಸಾಬೀತಾಯಿತು' ಎಂದು ಎಣಿಸಿದರು. ಮನುಷ್ಯ ಒಮ್ಮೆ ಎಡವಿದ ಕೂಡಲೇ ಅವನನ್ನು ಕೈಬಿಡುವ ಪ್ರಲೋಭನೆ ಸೇವಾಸಂಸ್ಥೆಗೆ ಉಂಟಾಗದಿರಲೆಂಬುದು ಇದರ ಉದ್ದೇಶ.

2014ರಲ್ಲಿ ಮೊದಲ ತಂಡದ ಫಲಿತಾಂಶ ಬಂದಿತು. ಪೀಟರ್‌ಬರೋದಿಂದ ಬಿಡುಗಡೆಯಾದ ಪ್ರತಿ 100 ಜನರಿಗೆ 142 ಬಾರಿ ಅಪರಾಧ ಸಾಬೀತಾಗಿತ್ತು. ಈ ಒಂದೇ ಅಂಕಿಯನ್ನು ಓದಿದವರು ಯೋಜನೆ ಸಂಪೂರ್ಣ ವಿಫಲವಾಯಿತೆಂದೇ ತೀರ್ಮಾನಿಸುತ್ತಿದ್ದರು. ಆದರೆ ಹೋಲಿಕೆಯ ಗುಂಪಿನಲ್ಲಿ ಆ ಸಂಖ್ಯೆ 155 ಆಗಿತ್ತು. ಅಂದರೆ ಶೇ. 8.4ರಷ್ಟು ಇಳಿಕೆ. ಟೆಕ್ಸಾಸ್‌ನಲ್ಲಿ ಶೇ. 8 ಎಂಬ ಸುಂದರ ಅಂಕಿಯ ಹಿಂದೆ ಲಾಭವೇ ಇರಲಿಲ್ಲ. ಇಲ್ಲಿ 142 ಎಂಬ ನಿರಾಶಾದಾಯಕ ಅಂಕಿಯ ಹಿಂದೆ ನಿಜವಾದ ಲಾಭವಿತ್ತು. ಈ ಎರಡನ್ನೂ ಬೇರ್ಪಡಿಸಿ ತೋರಿಸಿದ್ದು ಹೋಲಿಕೆಯ ಗುಂಪು ಮಾತ್ರ.

ಒಂದೇ ತಂಡದ ಮೇಲೆ ಹಣ ಪಡೆಯಲು ಶೇ. 10ರಷ್ಟು ಇಳಿಕೆಯಾಗಬೇಕಿದ್ದುದರಿಂದ ಆಗ ಹೂಡಿಕೆದಾರರಿಗೆ ಏನೂ ದೊರೆಯಲಿಲ್ಲ. 2017ರ ಅಂತಿಮ ಲೆಕ್ಕದಲ್ಲಿ ಎರಡೂ ತಂಡಗಳ ಒಟ್ಟು ಇಳಿಕೆ ಶೇ. 9 ಎಂದು ನಿರ್ಧಾರವಾಗಿ, ಶೇ. 7.5ರ ಒಟ್ಟಾರೆ ಮಿತಿಯನ್ನು ದಾಟಿತು. ಹೂಡಿಕೆದಾರರಿಗೆ ಅಸಲಿನೊಂದಿಗೆ ವಾರ್ಷಿಕ ಶೇ. 3ಕ್ಕಿಂತ ತುಸು ಹೆಚ್ಚಿನ ಪ್ರತಿಫಲ ಸಂದಿತು. ಯೋಜಿಸಿದ್ದ ಮೂರನೆಯ ತಂಡ ಮಾತ್ರ ನಡೆಯಲಿಲ್ಲ. ಅಲ್ಪಾವಧಿಯ ಎಲ್ಲ ಬಂದಿಗಳಿಗೂ ಬಿಡುಗಡೆಯ ನಂತರದ ಮೇಲ್ವಿಚಾರಣೆಯನ್ನು ಸರ್ಕಾರವು 2015ರಲ್ಲಿ ದೇಶಾದ್ಯಂತ ವಿಸ್ತರಿಸಿದ್ದರಿಂದ, ಹೋಲಿಸಿ ನೋಡಲು 'ನೆರವಿಲ್ಲದ' ಗುಂಪೇ ಉಳಿಯಲಿಲ್ಲ.

ರೈಕರ್ಸ್ ದ್ವೀಪ: ಲೆಕ್ಕ ಸರಿ, ಯೋಜನೆ ವಿಫಲ

ಅಮೆರಿಕದ ಮೊದಲ ಸಾಮಾಜಿಕ ಬಾಂಡ್ 2012ರಲ್ಲಿ ನ್ಯೂಯಾರ್ಕ್ ನಗರದ ರೈಕರ್ಸ್ ದ್ವೀಪದ ಬಂದೀಖಾನೆಗೆ ಸಂಬಂಧಿಸಿದುದು. ಅಲ್ಲಿದ್ದ 16ರಿಂದ 18 ವರ್ಷದ ಹುಡುಗರಿಗೆ ಆಲೋಚನಾ ಕ್ರಮವನ್ನೂ ನಿರ್ಧಾರಶಕ್ತಿಯನ್ನೂ ತಿದ್ದುವ ಮನಶ್ಶಾಸ್ತ್ರೀಯ ತರಬೇತಿ ನೀಡುವುದು ಯೋಜನೆಯ ತಿರುಳು. ಗೋಲ್ಡ್‌ಮನ್ ಸ್ಯಾಕ್ಸ್ ಬ್ಯಾಂಕು 96 ಲಕ್ಷ ಡಾಲರುಗಳವರೆಗೆ ಸಾಲ ನೀಡಲು ಒಪ್ಪಿತು. ಬ್ಲೂಮ್‌ಬರ್ಗ್ ಫಿಲಾಂತ್ರಫೀಸ್ ಸಂಸ್ಥೆ ಅದರಲ್ಲಿ 72 ಲಕ್ಷ ಡಾಲರುಗಳಿಗೆ ಖಾತರಿ ನಿಂತಿತು. ಹುಡುಗರು ಮರಳಿ ಬಂದೀಖಾನೆಯಲ್ಲಿ ಕಳೆಯುವ ದಿನಗಳು ಶೇ. 10ರಷ್ಟು ತಗ್ಗಿದರೆ ಬ್ಯಾಂಕಿಗೆ ಅಸಲು, ಶೇ. 20 ಅಥವಾ ಅದಕ್ಕಿಂತ ಹೆಚ್ಚು ತಗ್ಗಿದರೆ 21 ಲಕ್ಷ ಡಾಲರ್ ಲಾಭ.

ಮೌಲ್ಯಮಾಪನದ ಹೊಣೆ ಹೊತ್ತದ್ದು ವೇರಾ ಸಂಸ್ಥೆ. ಯೋಜನೆ ಬರುವುದಕ್ಕೆ ಮುಂಚೆ ಅದೇ ಬಂದೀಖಾನೆಯಲ್ಲಿದ್ದ ಅದೇ ವಯಸ್ಸಿನ ಹುಡುಗರೊಡನೆ ಅದು ಹೋಲಿಕೆ ಮಾಡಿತು. ನಗರದ ಒಟ್ಟಾರೆ ಪರಿಸ್ಥಿತಿಯ ಬದಲಾವಣೆ ಲೆಕ್ಕವನ್ನು ಕೆಡಿಸದಿರಲೆಂದು, ಯೋಜನೆಗೆ ಒಳಪಡದಿದ್ದ 19 ವರ್ಷದವರಲ್ಲಿ ಅದೇ ಕಾಲದಲ್ಲಿ ಏನಾಯಿತೆಂಬುದನ್ನೂ ಪರಿಗಣಿಸಿತು. 2015ರ ಬೇಸಿಗೆಯಲ್ಲಿ ಉತ್ತರ ಬಂದಿತು: ಮರುಕಳಿಕೆಯಲ್ಲಿ ಯಾವ ಇಳಿಕೆಯೂ ಇಲ್ಲ. ಬಹುಪಾಲು ಹುಡುಗರು ಒಂದಾದರೂ ತರಗತಿಗೆ ಬಂದಿದ್ದರೂ, ತರಬೇತಿಯ ನಿಗದಿತ ಹಂತವನ್ನು ತಲುಪಿದವರು ಅರ್ಧಕ್ಕಿಂತ ಕಡಿಮೆ. ವಿಚಾರಣೆಗಾಗಿ ಇರಿಸಿದ ಬಂದೀಖಾನೆಯಲ್ಲಿ ಯಾರು ಎಷ್ಟು ದಿನ ಇರುತ್ತಾರೆಂಬುದೇ ಅನಿಶ್ಚಿತ. ಬೇರೆ ಕಡೆ ಫಲ ಕೊಟ್ಟ ಪಾಠಕ್ರಮವನ್ನು ಅಲ್ಲಿ ಪೂರ್ಣವಾಗಿ ಕಲಿಸಲು ಸಾಧ್ಯವಾಗಲಿಲ್ಲ.

ಆ ವರ್ಷದ ಆಗಸ್ಟ್ ಕೊನೆಗೆ ಯೋಜನೆ ನಿಂತಿತು. ಅದುವರೆಗೆ ನೀಡಿದ್ದ 72 ಲಕ್ಷ ಡಾಲರುಗಳಲ್ಲಿ 60 ಲಕ್ಷವನ್ನು ಖಾತರಿದಾರರು ಭರಿಸಿದರು. ಬ್ಯಾಂಕು 12 ಲಕ್ಷ ಕಳೆದುಕೊಂಡಿತು. ಫಲಿತಾಂಶಕ್ಕಾಗಿ ನಗರದ ಬೊಕ್ಕಸ ತೆರಬೇಕಾದ ಹಣ ತೆರದೆ ಉಳಿಯಿತು. ಇಲ್ಲಿ ಸೋತದ್ದು ಯೋಜನೆ; ಲೆಕ್ಕಪತ್ರವಲ್ಲ. ಹೋಲಿಕೆಯ ಗುಂಪು ಇಲ್ಲದೆ ಹೋಗಿದ್ದರೆ ಇದೇ ಯೋಜನೆ 'ಇಷ್ಟು ಸಾವಿರ ಹುಡುಗರಿಗೆ ತರಬೇತಿ' ಎಂಬ ಹೆಮ್ಮೆಯ ವರದಿಗಳೊಂದಿಗೆ ಇನ್ನೂ ಹತ್ತು ವರ್ಷ ನಡೆಯಬಹುದಾಗಿತ್ತು. ಆ ಹುಡುಗರಿಗೆ ನಿಜಕ್ಕೂ ನೆರವಾಗಬಲ್ಲ ಬೇರೊಂದು ಕ್ರಮಕ್ಕೆ ಅವಕಾಶವೇ ಇಲ್ಲದಂತಾಗುತ್ತಿತ್ತು.

ಉದ್ಯೋಗ ಕೊಟ್ಟರೆ ಸಾಕೆ?

ಉದ್ಯಮಿಗಳು ನೇರವಾಗಿ ಮಾಡಬಲ್ಲ ಉಪಕಾರವೆಂದರೆ ಉದ್ಯೋಗ ನೀಡುವುದು. ಕೆಲಸ ಸಿಕ್ಕಿದವನು ಕಳ್ಳತನಕ್ಕೆ ಹೋಗನು ಎಂಬ ನಂಬಿಕೆ ಸಹಜವಾದುದು. ಪರೀಕ್ಷಿಸಿದಾಗ ಉತ್ತರ ಅಷ್ಟು ಸರಳವಾಗಿರಲಿಲ್ಲ.

ನ್ಯೂಯಾರ್ಕಿನ ಸೆಂಟರ್ ಫಾರ್ ಎಂಪ್ಲಾಯ್‌ಮೆಂಟ್ ಆಪರ್ಚುನಿಟೀಸ್ ಸಂಸ್ಥೆಯು ಬಿಡುಗಡೆಯಾದವರಿಗೆ ಕೂಡಲೇ ತಾತ್ಕಾಲಿಕ ಕೂಲಿ ಕೆಲಸ ಕೊಟ್ಟು, ಅನಂತರ ಖಾಯಂ ಕೆಲಸ ಹುಡುಕಿಕೊಡುತ್ತದೆ. 2004 ಮತ್ತು 2005ರಲ್ಲಿ 977 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ವಿಂಗಡಿಸಿ, ಎಂ.ಡಿ.ಆರ್.ಸಿ. ಎಂಬ ಸಂಶೋಧನಾ ಸಂಸ್ಥೆ ಮೂರು ವರ್ಷ ಗಮನಿಸಿತು. ಉದ್ಯೋಗದಲ್ಲಿ ಕಂಡ ಏರಿಕೆ ಬಹುತೇಕ ತಾತ್ಕಾಲಿಕ ಕೂಲಿಯದೇ ಆಗಿದ್ದು, ಮೊದಲ ವರ್ಷದಲ್ಲಿಯೇ ಕರಗಿತು. ಆದರೆ ಮರುಕಳಿಕೆ ಕಡಿಮೆಯಾಯಿತು. ಬಿಡುಗಡೆಯಾದ ಮೂರು ತಿಂಗಳೊಳಗೆ ಸೇರಿದವರಲ್ಲಿ ಈ ಇಳಿಕೆ ಎದ್ದು ಕಾಣುವಂತಿದ್ದು, ಬೇರೆ ಬೇರೆ ಅಳತೆಗಳಲ್ಲಿ ಶೇ. 16ರಿಂದ 22ರಷ್ಟಿತ್ತು. ತಡವಾಗಿ ಸೇರಿದವರಲ್ಲಿ ಅಂತಹ ಫಲ ಕಾಣಲಿಲ್ಲ. ನೆರವು ಎಷ್ಟು ಎಂಬುದರ ಜೊತೆಗೆ ಯಾವಾಗ ಎಂಬುದೂ ಮುಖ್ಯವೆಂದು ಇದು ಸೂಚಿಸುತ್ತದೆ.

ಇದೇ ಮಾದರಿಯನ್ನು 2007ರಿಂದ ಶಿಕಾಗೊ, ಡೆಟ್ರಾಯಿಟ್, ಮಿಲ್ವಾಕಿ ಮತ್ತು ಸೇಂಟ್ ಪಾಲ್ ನಗರಗಳಲ್ಲಿ 1,800ಕ್ಕೂ ಹೆಚ್ಚು ಪುರುಷರ ಮೇಲೆ ಪರೀಕ್ಷಿಸಿದಾಗ ಮರುಕಳಿಕೆಯಲ್ಲಿ ಒಟ್ಟಾರೆ ವ್ಯತ್ಯಾಸ ಕಂಡುಬರಲಿಲ್ಲ. ಒಂದೂರಿನಲ್ಲಿ ಫಲಿಸಿದ ಬೀಜ ಇನ್ನೊಂದೂರಿನ ಮಣ್ಣಿನಲ್ಲಿಯೂ ಫಲಿಸುತ್ತದೆಂದು ಹೇಳುವಂತಿಲ್ಲ.

ಹಾಗೆಂದು ಎಲ್ಲವೂ ವ್ಯರ್ಥವೆಂಬ ತೀರ್ಮಾನಕ್ಕೂ ಹಾರಬಾರದು. 1974ರಲ್ಲಿ ರಾಬರ್ಟ್ ಮಾರ್ಟಿನ್‌ಸನ್ ಅವರು 231 ಅಧ್ಯಯನಗಳನ್ನಾಧರಿಸಿ ಬರೆದ ಲೇಖನವನ್ನು 'ಯಾವುದೂ ಫಲಿಸದು' ಎಂದು ಓದಿಕೊಂಡ ಅಮೆರಿಕದ ಆಡಳಿತ, ಸುಧಾರಣೆಯ ಪ್ರಯತ್ನಗಳಿಂದಲೇ ದೂರ ಸರಿಯಿತು. 1979ರಲ್ಲಿ ಅವರೇ ತಮ್ಮ ನಿಲುವನ್ನು ಬದಲಿಸಿಕೊಂಡರೂ ಯಾರೂ ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಕಾರಾಗೃಹದೊಳಗಿನ ಶಿಕ್ಷಣವನ್ನು ಕುರಿತ ಅಧ್ಯಯನಗಳನ್ನು 2013ರಲ್ಲಿ ಒಟ್ಟುಗೂಡಿಸಿದ ರ‍್ಯಾಂಡ್ ಸಂಸ್ಥೆ, ಶಿಕ್ಷಣ ಪಡೆದವರ ಮರುಕಳಿಕೆ ಸರಾಸರಿ 13 ಶೇಕಡಾ ಅಂಶಗಳಷ್ಟು ಕಡಿಮೆಯೆಂದೂ, ಶಿಕ್ಷಣಕ್ಕೆ ಖರ್ಚಾದ ಪ್ರತಿ ಡಾಲರಿಗೆ ಮರುಸೆರೆವಾಸದ ವೆಚ್ಚದಲ್ಲಿ ನಾಲ್ಕರಿಂದ ಐದು ಡಾಲರ್ ಉಳಿಯುತ್ತದೆಂದೂ ಅಂದಾಜು ಮಾಡಿತು. ಕೆಲವು ಯೋಜನೆಗಳು ಫಲ ಕೊಡುತ್ತವೆ, ಕೆಲವು ಕೊಡುವುದಿಲ್ಲ, ಕೆಲವು ಕೆಡಿಸುತ್ತವೆ. ಯಾವುದು ಯಾವ ಗುಂಪಿಗೆ ಸೇರಿದ್ದೆಂಬುದು ಹೊರನೋಟಕ್ಕೆ ತಿಳಿಯುವುದಿಲ್ಲ.

ನಮ್ಮ ಪರಿಸ್ಥಿತಿ

ವಿದೇಶದ ಈ ಅನುಭವಗಳನ್ನು ನಮ್ಮಲ್ಲಿಗೆ ತರುವಾಗ ಒಂದು ಮೂಲಭೂತ ವ್ಯತ್ಯಾಸವನ್ನು ಮರೆಯಬಾರದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಪ್ರಕಾರ 2022ರ ಅಂತ್ಯಕ್ಕೆ ಭಾರತದ ಕಾರಾಗೃಹಗಳಲ್ಲಿ 5,73,220 ಜನರಿದ್ದರು. ಅವರಲ್ಲಿ 4,34,302 ಜನ, ಅಂದರೆ ಶೇ. 75.8ರಷ್ಟು, ವಿಚಾರಣಾಧೀನರು. ಅಪರಾಧ ಮಾಡಿದ್ದಾರೆಂದು ಇನ್ನೂ ತೀರ್ಮಾನವಾಗದವರ ವಿಷಯದಲ್ಲಿ 'ಮತ್ತೆ ಅಪರಾಧ' ಎಂಬ ಮಾತೇ ಹೊಂದುವುದಿಲ್ಲ. ವಕೀಲರ ನೆರವು ದೊರೆಯಿತೆ, ಜಾಮೀನಿನ ನಂತರ ವಿಚಾರಣೆಗೆ ತಪ್ಪದೆ ಹಾಜರಾದರೆ, ಕಳೆದುಕೊಂಡ ಕೆಲಸ ಮರಳಿ ಸಿಕ್ಕಿತೆ ಎಂಬುವು ಅವರಿಗೆ ತಕ್ಕ ಅಳತೆಗಳು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಪ್ರಕರಣವು, ಕೆಲವು ವಿನಾಯಿತಿಗಳಿಗೆ ಒಳಪಟ್ಟು, ಮೊದಲ ಬಾರಿಯ ಆರೋಪಿಗಳು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗದಷ್ಟು ಕಾಲ ಬಂಧನದಲ್ಲಿದ್ದರೆ ಮುಚ್ಚಳಿಕೆಯ ಮೇಲೆ ಬಿಡುಗಡೆಗೆ ಅವಕಾಶ ನೀಡುತ್ತದೆ. ಹೀಗೆ ಹೊರಬರುವವರಿಗೆ ಕೆಲಸ ಕೊಡುವ ಯೋಜನೆಯನ್ನು ಸಜಾಬಂದಿಗಳ ಅಳತೆಗೋಲಿನಿಂದ ಅಳೆಯುವುದು ತಪ್ಪಾಗುತ್ತದೆ.

ಸಜಾಬಂದಿಗಳ ಮಟ್ಟಿಗೆ ಒಳ್ಳೆಯ ಪ್ರಯತ್ನಗಳಿಗೆ ನಮ್ಮಲ್ಲಿ ಕೊರತೆಯಿಲ್ಲ. ರಾಜಸ್ಥಾನದ ಸಾಂಗಾನೇರ್ ಬಯಲು ಕಾರಾಗೃಹ 1963ರಿಂದ ಬಂದಿಗಳು ಕುಟುಂಬದೊಡನೆ ವಾಸಿಸಿ ಹೊರಗೆ ದುಡಿಯಲು ಅವಕಾಶ ನೀಡುತ್ತ ಬಂದಿದೆ. ದೇವನಹಳ್ಳಿ ತಾಲ್ಲೂಕಿನ ಕೋರಮಂಗಲದಲ್ಲಿ ಕರ್ನಾಟಕದ ಬಯಲು ಬಂದೀಖಾನೆಯಿದೆ. ದೆಹಲಿಯ ತಿಹಾರ್ ಕಾರಾಗೃಹದೊಳಗೆ 2011ರಲ್ಲಿ ಕಂಪನಿಗಳೇ ಬಂದು ಬಂದಿಗಳನ್ನು ಸಂದರ್ಶಿಸಿ ಉದ್ಯೋಗಕ್ಕೆ ಆರಿಸಿಕೊಂಡವು. ಇವೆಲ್ಲ ಸ್ವಾಗತಾರ್ಹ. ಆದರೆ ಬಯಲು ಬಂದೀಖಾನೆಗೆ ಕಳುಹಿಸುವುದು ಸನ್ನಡತೆಯವರನ್ನೇ. ಸಂದರ್ಶನದಲ್ಲಿ ಆಯ್ಕೆಯಾಗುವುದು ಸಮರ್ಥರೇ. ಅವರು ಮುಂದೆ ಚೆನ್ನಾಗಿ ಬಾಳಿದರೆ ಅದರಲ್ಲಿ ಯೋಜನೆಯ ಪಾಲೆಷ್ಟೆಂದು ಹೇಳಲು ಹೋಲಿಕೆಯ ಗುಂಪು ಬೇಕೇ ಬೇಕು.

ಹೋಲಿಕೆಯ ಗುಂಪು ರಚಿಸುವುದು ಅನ್ಯಾಯವೆಂಬ ಆಕ್ಷೇಪ ಕೇಳಿಬರುವುದುಂಟು: ಅರ್ಹನಾದ ಒಬ್ಬನಿಗೆ ಕೊಟ್ಟು ಮತ್ತೊಬ್ಬನಿಗೆ ಕೊಡದಿರುವುದು ಸರಿಯೆ? ಆದರೆ ತರಬೇತಿಗೆ 50 ಸ್ಥಾನಗಳಿದ್ದು 120 ಅರ್ಜಿಗಳು ಬಂದಾಗ ಹೇಗಿದ್ದರೂ 70 ಜನರಿಗೆ ಇಲ್ಲವೆನ್ನಲೇಬೇಕು. ಶಿಕ್ಷಣ ಹಕ್ಕು ಕಾಯಿದೆಯ ಸೀಟುಗಳನ್ನು ಲಾಟರಿಯ ಮೂಲಕ ಹಂಚುವುದನ್ನು ನಾವು ನ್ಯಾಯವೆಂದೇ ಒಪ್ಪಿದ್ದೇವೆ. ಅದೇ ರೀತಿ ಹಂಚಿದರೆ ಶಿಫಾರಸಿಗೆ ಎಡೆಯಿರುವುದಿಲ್ಲ. ಸ್ಥಾನ ಸಿಗದವರು ತಾವಾಗಿಯೇ ಅತ್ಯುತ್ತಮ ಹೋಲಿಕೆಯ ಗುಂಪಾಗುತ್ತಾರೆ.

ಸಹಿ ಹಾಕುವ ಮುನ್ನ

ಇಂತಹ ಯೋಜನೆಗೆ ನೆರವು ನೀಡಲಿಚ್ಛಿಸುವ ಉದ್ಯಮಿಗಳು ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಐದು ಪ್ರಶ್ನೆಗಳಿಗೆ ಲಿಖಿತ ಉತ್ತರ ಪಡೆಯುವುದು ಒಳಿತು.

1. ಯಶಸ್ಸೆಂದರೆ ಯಾವುದು: ಬಂಧನವಾಗದಿರುವುದೋ, ಶಿಕ್ಷೆಯಾಗದಿರುವುದೋ, ಕೆಲಸದಲ್ಲಿ ಉಳಿಯುವುದೋ? ಎಷ್ಟು ಕಾಲದವರೆಗೆ?

2. ಎಣಿಕೆಯಲ್ಲಿ ಸೇರಿದವರೆಲ್ಲರೂ ಬರುತ್ತಾರೆಯೆ, ಪೂರ್ಣಗೊಳಿಸಿದವರು ಮಾತ್ರವೆ?

3. ಯಾರೊಡನೆ ಹೋಲಿಕೆ? ಆ ಗುಂಪನ್ನು ಯೋಜನೆ ಆರಂಭವಾಗುವ ಮೊದಲೇ ಗೊತ್ತುಪಡಿಸಲಾಗಿದೆಯೆ?

4. ಸಂಖ್ಯೆ ಸಾಕಷ್ಟಿದೆಯೆ? ಮೂವತ್ತು ಜನರಲ್ಲಿ ಆರರ ಬದಲು ನಾಲ್ವರು ಮರಳಿದರೆ ಅದು ಕೇವಲ ಆಕಸ್ಮಿಕವೂ ಆಗಿರಬಹುದು. ಸಣ್ಣ ಯೋಜನೆಗಳು ಒಂದೇ ಅಳತೆಗೋಲನ್ನು ಒಪ್ಪಿಕೊಂಡು ತಮ್ಮ ಲೆಕ್ಕಗಳನ್ನು ಒಟ್ಟುಗೂಡಿಸುವುದು ಇದಕ್ಕೆ ಪರಿಹಾರ.

5. ಎಣಿಸುವವರು ಯಾರು? ಲೆಕ್ಕ ಬರೆದವನೇ ಲೆಕ್ಕಪರಿಶೋಧಕನಾಗುವುದನ್ನು ನಾವು ವ್ಯಾಪಾರದಲ್ಲಿ ಒಪ್ಪುವುದಿಲ್ಲ.

ಈ ಪ್ರಶ್ನೆಗಳನ್ನು ಕೇಳುವುದು ಸೇವಾಸಂಸ್ಥೆಗಳ ಮೇಲಿನ ಅವಿಶ್ವಾಸವಲ್ಲ. ಅಳತೆಗೂ ಖರ್ಚಿದೆ; ಅದನ್ನು ಯೋಜನೆಯ ವೆಚ್ಚದಲ್ಲಿಯೇ ಸೇರಿಸಿ ಕೊಡುವುದು ದಾನಿಯ ಕರ್ತವ್ಯ. ಫಲಿತಾಂಶ ಪ್ರತಿಕೂಲವಾಗಿ ಬಂದಾಗ ಅದನ್ನು ಪ್ರಕಟಿಸಿದ ಸಂಸ್ಥೆಗೆ ಮುಂದಿನ ನೆರವನ್ನು ನಿಲ್ಲಿಸದಿರುವ ಔದಾರ್ಯವೂ ಬೇಕು. ಇಲ್ಲವಾದರೆ ನಮಗೆ ದೊರೆಯುವುದು ನಾವು ಕೇಳಬಯಸುವ ವರದಿಗಳೇ ಹೊರತು ನಿಜವಾದ ವರದಿಗಳಲ್ಲ.

ಕಾರಾಗೃಹದ ಬಾಗಿಲಿನಿಂದ ಹೊರಬರುವ ಪ್ರತಿಯೊಬ್ಬ ಮನುಷ್ಯನ ಹಿಂದೆ ಒಂದು ಸಂಸಾರವಿದೆ; ಅವನು ಮತ್ತೆ ತಪ್ಪು ಮಾಡಿದರೆ ನೋಯುವ ಮತ್ತೊಂದು ಸಂಸಾರವೂ ಇದೆ. ಫಲ ಕೊಡದ ಯೋಜನೆಗೆ ಸುರಿದ ಹಣದಿಂದ ಕಂಪನಿಗೆ ಆಗುವ ನಷ್ಟ ಅಲ್ಪ. ಈ ಎರಡು ಸಂಸಾರಗಳಿಗೆ ಆಗುವ ನಷ್ಟ ಹಾಗಲ್ಲ.